ಸಂದೇಶ, ವಿಡಿಯೋ, ಸಮಾಲೋಚನೆ ಎಲ್ಲವೂ ಇದ್ದು ರಕ್ತದೊತ್ತಡ ಮಾತ್ರ ಇಳಿಯದಿರುವುದೇಕೆ?

ಪ್ರಶ್ನೆ: ನಾನು ಒಂದು ಸಣ್ಣ ಚಿಕಿತ್ಸಾಲಯದಲ್ಲಿ ಶುಶ್ರೂಷಕಿ, ಆರೋಗ್ಯ ಶಿಕ್ಷಣದ ಹೊಣೆಯೂ ನನ್ನದೇ. ರಕ್ತದೊತ್ತಡ ಮತ್ತು ಮಧುಮೇಹ ಇರುವ ರೋಗಿಗಳಿಗಾಗಿ ವಾಟ್ಸಾಪ್ ಗುಂಪು ಮಾಡಿ ವಿಡಿಯೋಗಳನ್ನು ಕಳುಹಿಸುತ್ತಿದ್ದೇವೆ, ಮಾತ್ರೆ ನೆನಪಿಸುವ ಎಸ್‌ಎಂಎಸ್ ಹೋಗುತ್ತದೆ, ವೈದ್ಯರು ವಾರಕ್ಕೆ ಎರಡು ದಿನ ವಿಡಿಯೋ ಕರೆಯಲ್ಲಿ ರೋಗಿಗಳನ್ನು ನೋಡುತ್ತಾರೆ. ಬಹುತೇಕರು ಸಂದೇಶ ನೋಡಿದ್ದಾರೆಂದು ಫೋನೇ ತೋರಿಸುತ್ತದೆ, ಆದರೆ ಒಂದು ವರ್ಷದ ನಂತರವೂ ಅವರ ರಕ್ತದೊತ್ತಡದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಈಗ ಒಂದು ಆ್ಯಪ್ ಕೊಳ್ಳುವ ಮಾತು ನಡೆದಿದೆ. ದೂರದಿಂದ ಏನನ್ನು ಮಾಡಬಹುದು, ಏನನ್ನು ಮಾಡಬಾರದು? ಆ್ಯಪ್ ಬೇಕೇ?

ಉತ್ತರ: ನೀವು ವಿವರಿಸಿರುವ ವ್ಯವಸ್ಥೆಯಲ್ಲಿ ಮಾಹಿತಿ ಒಂದೇ ದಿಕ್ಕಿಗೆ ಹರಿಯುತ್ತಿದೆ. ಚಿಕಿತ್ಸಾಲಯದಿಂದ ರೋಗಿಯ ಕಡೆಗೆ ವಿಡಿಯೋಗಳೂ ನೆನಪೋಲೆಗಳೂ ಹೋಗುತ್ತಿವೆ. ರೋಗಿಯ ಕಡೆಯಿಂದ ಮನೆಯಲ್ಲಿ ಅಳೆದ ಒತ್ತಡದ ಅಂಕಿಯಾಗಲಿ, ಮಾತ್ರೆ ಮುಗಿದುಹೋದ ಸುದ್ದಿಯಾಗಲಿ, ತಲೆಸುತ್ತು ಬಂತೆಂದು ಔಷಧ ಬಿಟ್ಟ ವಿಷಯವಾಗಲಿ ಮರಳಿ ಬರುತ್ತಿಲ್ಲ. ಬಂದರೂ, ಅದನ್ನು ಓದಿ ಔಷಧದ ಪ್ರಮಾಣವನ್ನು ಬದಲಿಸುವ ಅಧಿಕಾರ ಇರುವವರ ಕೈಗೆ ಅದು ಸೇರುವ ದಾರಿಯನ್ನು ನೀವು ಹೇಳಿಲ್ಲ. ರಕ್ತದೊತ್ತಡ ನಿಯಂತ್ರಣಕ್ಕೆ ಬರದಿರುವುದಕ್ಕೆ ರೋಗಿಯ ತಿಳಿವಳಿಕೆಯ ಕೊರತೆಯಷ್ಟೇ ದೊಡ್ಡ ಕಾರಣ ಇನ್ನೊಂದಿದೆ: ಅಂಕಿ ಹೆಚ್ಚಿದೆಯೆಂದು ಗೊತ್ತಿದ್ದರೂ ಚಿಕಿತ್ಸೆಯನ್ನು ಯಾರೂ ಬದಲಿಸದೆ ಮುಂದಿನ ಭೇಟಿಗೆ ದೂಡುವುದು. ಈ ಕೊರತೆಯನ್ನು ಎಷ್ಟು ಒಳ್ಳೆಯ ವಿಡಿಯೋ ಕಳುಹಿಸಿದರೂ ತುಂಬಲಾಗುವುದಿಲ್ಲ. ಆದ್ದರಿಂದ ಯಾವ ತಂತ್ರಜ್ಞಾನ ಎಂದು ಕೇಳುವ ಮೊದಲು, ರೋಗಿ ಏನನ್ನಾದರೂ ಹೇಳಿದಾಗ ಅದಕ್ಕೆ ಯಾರು, ಎಷ್ಟು ಹೊತ್ತಿನೊಳಗೆ, ಯಾವ ಅಧಿಕಾರದಿಂದ ಪ್ರತಿಕ್ರಿಯಿಸುತ್ತಾರೆ ಎಂದು ಕೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇದು ನನ್ನೊಬ್ಬನ ಒಲವಲ್ಲ. ಈ ಕ್ಷೇತ್ರದ ಪ್ರಯೋಗಗಳನ್ನು ಜೋಡಿಜೋಡಿಯಾಗಿ ಇಟ್ಟು ನೋಡಿದರೆ ಎದ್ದು ಕಾಣುವ ಸಂಗತಿ. ಹೃದಯ ವೈಫಲ್ಯದ ರೋಗಿಗಳ ದೂರನಿಗಾ ಕುರಿತ ಎರಡು ದೊಡ್ಡ ಪ್ರಯೋಗಗಳನ್ನೇ ತೆಗೆದುಕೊಳ್ಳಿ. 2010ರಲ್ಲಿ ಪ್ರಕಟವಾದ ಅಮೆರಿಕದ ಟೆಲಿ-ಎಚ್‌ಎಫ್ ಪ್ರಯೋಗದಲ್ಲಿ 1,653 ರೋಗಿಗಳಿದ್ದರು. ದೂರನಿಗಾ ಗುಂಪಿನವರು ಪ್ರತಿದಿನ ಒಂದು ಸ್ವಯಂಚಾಲಿತ ಧ್ವನಿ ವ್ಯವಸ್ಥೆಗೆ ಕರೆಮಾಡಿ ತಮ್ಮ ತೂಕ ಮತ್ತು ಲಕ್ಷಣಗಳನ್ನು ದಾಖಲಿಸಬೇಕಿತ್ತು. ಆರು ತಿಂಗಳ ಕೊನೆಯಲ್ಲಿ ಮತ್ತೆ ಆಸ್ಪತ್ರೆಗೆ ಸೇರಿದ ಅಥವಾ ಮೃತಪಟ್ಟವರ ಪ್ರಮಾಣ ಈ ಗುಂಪಿನಲ್ಲಿ ಶೇ. 52.3, ಸಾಮಾನ್ಯ ಆರೈಕೆಯ ಗುಂಪಿನಲ್ಲಿ ಶೇ. 51.5, ಎಂದರೆ ಯಾವ ಲಾಭವೂ ಆಗಲಿಲ್ಲ. ಏಳರಲ್ಲಿ ಒಬ್ಬರು ಆ ವ್ಯವಸ್ಥೆಯನ್ನು ಒಮ್ಮೆಯೂ ಬಳಸಿರಲಿಲ್ಲ, ಕೊನೆಯ ವಾರದ ಹೊತ್ತಿಗೆ ಅರ್ಧದಷ್ಟು ಜನ ಮಾತ್ರ ವಾರಕ್ಕೆ ಮೂರು ಬಾರಿಯಾದರೂ ಕರೆಮಾಡುತ್ತಿದ್ದರು. ಎಂಟು ವರ್ಷಗಳ ನಂತರ, 2018ರಲ್ಲಿ, ಜರ್ಮನಿಯಿಂದ ಟಿಐಎಂ-ಎಚ್‌ಎಫ್2 ಎಂಬ ಪ್ರಯೋಗದ ಫಲಿತಾಂಶ ಬಂತು. ಅಲ್ಲಿಯೂ ತೂಕ, ರಕ್ತದೊತ್ತಡ, ಇಸಿಜಿ, ರಕ್ತದ ಆಮ್ಲಜನಕದ ಮಟ್ಟ ಇವೆಲ್ಲ ಮನೆಯಿಂದಲೇ ರವಾನೆಯಾಗುತ್ತಿದ್ದವು. ಆದರೆ ಅವು ಸೇರುತ್ತಿದ್ದುದು ಹಗಲೂ ರಾತ್ರಿಯೂ ವೈದ್ಯರು ಮತ್ತು ಶುಶ್ರೂಷಕರು ಕುಳಿತಿರುವ ಕೇಂದ್ರಕ್ಕೆ. ಅಪಾಯದ ಸೂಚನೆ ಕಂಡರೆ ಅವರೇ ರೋಗಿಗೆ ಕರೆಮಾಡಿ, ಔಷಧ ಬದಲಿಸಿ, ಅಗತ್ಯವಿದ್ದರೆ ಆಸ್ಪತ್ರೆಗೆ ಸೇರಿಸುತ್ತಿದ್ದರು. ಒಂದು ವರ್ಷದಲ್ಲಿ ಯಾವುದೇ ಕಾರಣದ ಸಾವಿನ ದರ ನೂರು ರೋಗಿ-ವರ್ಷಗಳಿಗೆ (ನೂರು ರೋಗಿಗಳನ್ನು ಒಂದು ವರ್ಷ ಗಮನಿಸಿದ ಲೆಕ್ಕ) ಸಾಮಾನ್ಯ ಆರೈಕೆಯಲ್ಲಿ 11.34 ಇದ್ದರೆ ಇಲ್ಲಿ 7.86 ಇತ್ತು. ಎರಡು ಪ್ರಯೋಗಗಳ ರೋಗಿಗಳೂ ಒಂದೇ ಬಗೆಯವರಲ್ಲ, ಹಾಗಾಗಿ ಅಂತರವನ್ನೆಲ್ಲ ಒಂದೇ ಕಾರಣಕ್ಕೆ ಕಟ್ಟುವುದು ಸರಿಯಲ್ಲ. ಆದರೂ ಒಂದು ಕಡೆ ಯಂತ್ರಕ್ಕೆ ವರದಿ ಒಪ್ಪಿಸುವ ಕೆಲಸ ರೋಗಿಯ ಹೆಗಲಿಗೆ ಬಿದ್ದಿತ್ತು, ಇನ್ನೊಂದು ಕಡೆ ಉತ್ತರಿಸುವ ಕೆಲಸ ವೈದ್ಯರ ಹೆಗಲಿಗೆ ಬಿದ್ದಿತ್ತು ಎಂಬ ವ್ಯತ್ಯಾಸವನ್ನು ಕಡೆಗಣಿಸುವಂತಿಲ್ಲ.

ಇಷ್ಟು ದೊಡ್ಡ ಏರ್ಪಾಡು ಸಣ್ಣ ಚಿಕಿತ್ಸಾಲಯಕ್ಕೆ ಎಟುಕದು ಎಂದು ನೀವು ಹೇಳಬಹುದು. ಹಾಗಾದರೆ ಸಾದಾ ಎಸ್‌ಎಂಎಸ್‌ನ ಉದಾಹರಣೆ ನೋಡೋಣ. 2010ರಲ್ಲಿ ಪ್ರಕಟವಾದ ಕೀನ್ಯಾದ ವೆಲ್‌ಟೆಲ್ ಪ್ರಯೋಗದಲ್ಲಿ ಎಚ್‌ಐವಿ ಚಿಕಿತ್ಸೆ ಆರಂಭಿಸಿದ 538 ಮಂದಿ ಭಾಗವಹಿಸಿದ್ದರು. ಅರ್ಧದಷ್ಟು ಜನರಿಗೆ ವಾರಕ್ಕೊಮ್ಮೆ, ಹೇಗಿದ್ದೀರಿ ಎಂದು ಕೇಳುವ ಚಿಕ್ಕ ಸಂದೇಶವೊಂದು ಹೋಗುತ್ತಿತ್ತು. ಅದರಲ್ಲಿ ರೋಗದ ಹೆಸರಿಲ್ಲ, ಮಾತ್ರೆಯ ಪ್ರಸ್ತಾಪವಿಲ್ಲ, ಉಪದೇಶವಿಲ್ಲ. ಚೆನ್ನಾಗಿದ್ದೇನೆ ಅಥವಾ ತೊಂದರೆಯಿದೆ ಎಂದು 48 ಗಂಟೆಗಳೊಳಗೆ ಉತ್ತರಿಸಬೇಕಿತ್ತು; ತೊಂದರೆ ಎಂದವರಿಗೂ ಉತ್ತರಿಸದೆ ಉಳಿದವರಿಗೂ ಆರೋಗ್ಯ ಸಿಬ್ಬಂದಿ ಕರೆಮಾಡುತ್ತಿದ್ದರು. ಔಷಧವನ್ನು ಸರಿಯಾಗಿ ತೆಗೆದುಕೊಂಡವರ ಪ್ರಮಾಣ ಸಾಮಾನ್ಯ ಆರೈಕೆಯಲ್ಲಿ ಶೇ. 50 ಇದ್ದರೆ ಇಲ್ಲಿ ಶೇ. 62 ಆಯಿತು, ವೈರಸ್ ಹತೋಟಿಗೆ ಬಂದವರ ಪ್ರಮಾಣವೂ ಶೇ. 48ಕ್ಕೆ ಪ್ರತಿಯಾಗಿ ಶೇ. 57ಕ್ಕೆ ಏರಿತು. ಸುಮಾರು ಅದೇ ಕಾಲದಲ್ಲಿ ಕ್ಯಾಮರೂನ್‌ನ ಯಾವುಂಡೆಯಲ್ಲಿ ಎಚ್‌ಐವಿ ಚಿಕಿತ್ಸೆಯಲ್ಲಿದ್ದ 200 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ವಾರಕ್ಕೊಂದು ಹುರಿದುಂಬಿಸುವ ಸಂದೇಶ ಹೋಗುತ್ತಿತ್ತು. ನೆರವು ಬೇಕಾದರೆ ಕರೆಮಾಡಲು ದೂರವಾಣಿ ಸಂಖ್ಯೆಯೂ ಅದರಲ್ಲಿತ್ತು. ಆರು ತಿಂಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬೇಕಾದರೆ ಕರೆಮಾಡಿ ಎನ್ನುವುದಕ್ಕೂ, ನೀವು ಉತ್ತರಿಸಲಿಲ್ಲವಾದ್ದರಿಂದ ನಾವೇ ಕರೆಮಾಡಿದೆವು ಎನ್ನುವುದಕ್ಕೂ ಬಹಳ ಅಂತರವಿದೆ. ಕಷ್ಟದಲ್ಲಿರುವವರೇ ಹೆಚ್ಚಾಗಿ ಕರೆಮಾಡದವರು.

ನಿಮ್ಮ ರೋಗಿಗಳ ವಿಷಯಕ್ಕೆ ನೇರವಾಗಿ ಹೊಂದುವ ಪುರಾವೆ ಬ್ರಿಟನ್ನಿನ ಟಾಸ್ಮಿನ್-ಎಚ್4 ಪ್ರಯೋಗದ್ದು. 1,182 ಮಂದಿಯ ಈ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರ ಔಷಧವನ್ನು ಚಿಕಿತ್ಸಾಲಯದಲ್ಲಿ ಅಳೆದ ಒತ್ತಡ ನೋಡಿ ನಿರ್ಧರಿಸಲಾಯಿತು, ಎರಡನೆಯ ಗುಂಪಿನವರು ಮನೆಯಲ್ಲಿ ಅಳೆದು ಬರೆದಿಟ್ಟ ಅಂಕಿಗಳನ್ನು ನೋಡಿ, ಮೂರನೆಯ ಗುಂಪಿನವರು ಎಸ್‌ಎಂಎಸ್ ಮೂಲಕ ಕಳುಹಿಸಿದ ಅಂಕಿಗಳನ್ನು ನೋಡಿ. ಒಂದು ವರ್ಷದ ನಂತರ ಮೇಲಿನ ಅಂಕಿಯ ಸರಾಸರಿ ಕ್ರಮವಾಗಿ 140.4, 137.0 ಮತ್ತು 136.0 ಆಗಿತ್ತು. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಲಾಭದ ಬಹುಪಾಲು ಬಂದದ್ದು ಮನೆಯ ಅಂಕಿಯನ್ನು ನಂಬಿ ವೈದ್ಯರು ಔಷಧ ಬದಲಿಸಿದ್ದರಿಂದ; ಅದನ್ನು ಕಾಗದದಲ್ಲಿ ಕಳುಹಿಸಿದರೋ ಫೋನಿನಲ್ಲಿ ಕಳುಹಿಸಿದರೋ ಎಂಬುದರಿಂದ ಬಂದದ್ದು ಅತ್ಯಲ್ಪ. ಎರಡನೆಯದಾಗಿ, ಮೂರು-ನಾಲ್ಕು ಅಂಕಿಗಳ ಇಳಿಕೆ ಕೇಳಲು ಚಿಕ್ಕದೆನಿಸಿದರೂ ಬಹು ಜನರಲ್ಲಿ ವರ್ಷಗಟ್ಟಲೆ ಉಳಿದರೆ ಪಾರ್ಶ್ವವಾಯುವಿನ ಪ್ರಮಾಣವನ್ನು ತಗ್ಗಿಸಲು ಅದು ಸಾಕು.

ಹಾಗಾಗಿ ನಿಮ್ಮ ಸ್ಥಾನದಲ್ಲಿದ್ದರೆ ನಾನು ಮೊದಲು ಮಾಡುತ್ತಿದ್ದ ಕೆಲಸ ಹೊಸ ವಿಡಿಯೋ ತಯಾರಿಸುವುದಲ್ಲ. ಮನೆಯಲ್ಲಿ ಅಳೆಯುವುದನ್ನು ಕಲಿಸಿ, ಆ ಅಂಕಿಗಳಿಗೊಂದು ದಾರಿ ಮಾಡುವುದು. ಮಣಿಕಟ್ಟಿನ ಉಪಕರಣ, ಕೈಗಡಿಯಾರಗಳನ್ನು ಬಿಟ್ಟು ಮೇಲ್ದೋಳಿಗೆ ಕಟ್ಟುವ, ಪರೀಕ್ಷಿಸಿ ಮಾನ್ಯ ಮಾಡಿದ ಸ್ವಯಂಚಾಲಿತ ಉಪಕರಣವನ್ನೇ ಬಳಸಬೇಕು. ಪಟ್ಟಿಯ ಅಳತೆ ತೋಳಿಗೆ ಹೊಂದಬೇಕು, ಏಕೆಂದರೆ ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಹೃದಯದ ಮಟ್ಟದಲ್ಲಿ ಇರಿಸಿ, ಮಾತಾಡದೆ ಕುಳಿತು, ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆಯಬೇಕು. ಹೀಗೆ ಬೆಳಿಗ್ಗೆ ಮತ್ತು ಸಂಜೆ ಒಂದು ವಾರ ಅಳೆದು, ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದರೆ ಚಿಕಿತ್ಸಾಲಯದ ಒಂದು ಅಳತೆಗಿಂತ ಹೆಚ್ಚು ನಂಬಲರ್ಹವಾದ ಅಂಕಿ ಸಿಗುತ್ತದೆ. ಚಿಕಿತ್ಸಾಲಯದ 140/90ಕ್ಕೆ ಮನೆಯಲ್ಲಿ 135/85 ಸಮಾನವೆಂಬುದು ನಿಮ್ಮ ವೈದ್ಯರಿಗೆ ಗೊತ್ತಿರುವ ಸಂಗತಿಯೇ. ರೋಗಿಗಳಿಗೂ ಗೊತ್ತಿದ್ದರೆ ಗೊಂದಲ ಕಡಿಮೆ. ಹೃದಯದ ಬಡಿತ ಕ್ರಮತಪ್ಪಿರುವವರಲ್ಲಿ ಈ ಸ್ವಯಂಚಾಲಿತ ಉಪಕರಣಗಳನ್ನು ಪೂರ್ತಿ ನಂಬುವಂತಿಲ್ಲ. ಅಂಥವರನ್ನು ಈ ಏರ್ಪಾಡಿಗೆ ಸೇರಿಸುವ ಮೊದಲು ವೈದ್ಯರನ್ನು ಕೇಳಿ.

ಅಂಕಿ ಬಂದ ಮೇಲೆ ಏನಾಗಬೇಕು ಎಂಬುದನ್ನು ಬರೆದಿಡಿ. ಸರಾಸರಿ ಗುರಿಯೊಳಗಿದ್ದರೆ ಯಾರು ಉತ್ತರಿಸಬೇಕು, ಹೆಚ್ಚಿದ್ದರೆ ಎಷ್ಟು ದಿನಗಳೊಳಗೆ ವೈದ್ಯರ ಕರೆ ಹೋಗಬೇಕು, ಔಷಧದ ಮುಂದಿನ ಮೆಟ್ಟಿಲು ಯಾವುದು ಎಂಬುದನ್ನೆಲ್ಲ ವೈದ್ಯರು ಮುಂಚಿತವಾಗಿಯೇ ನಿಗದಿಪಡಿಸಿ ಸಹಿ ಹಾಕಿದ್ದರೆ ಪ್ರತಿ ಅಂಕಿಗೂ ಹೊಸದಾಗಿ ಅನುಮತಿ ಬೇಡುವ ಪರಿಸ್ಥಿತಿ ನಿಮಗೆ ಬರುವುದಿಲ್ಲ. 180/120 ಅಥವಾ ಅದಕ್ಕೂ ಹೆಚ್ಚು ಒತ್ತಡದ ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ದೃಷ್ಟಿ ಮಂಕಾಗುವುದು, ಮಾತು ತೊದಲುವುದು ಅಥವಾ ಕೈಕಾಲಿನ ಬಲ ಕುಂದುವುದು ಕಂಡರೆ ಅದು ಸಂದೇಶದಲ್ಲಿ ಚರ್ಚಿಸುವ ವಿಷಯವಲ್ಲ, ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕಾದ ವಿಷಯ. ಇದನ್ನು ಪ್ರತಿ ರೋಗಿಗೂ ಮೊದಲ ದಿನವೇ ಹೇಳಿರಬೇಕು. ರಾತ್ರಿ ಹನ್ನೊಂದಕ್ಕೆ ಬಂದ ಸಂದೇಶವನ್ನು ಬೆಳಿಗ್ಗೆಯವರೆಗೆ ಯಾರೂ ಓದುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಓದುತ್ತಾರೆಂಬ ಭರವಸೆಯಲ್ಲಿ ಕಾಯುತ್ತ ಕುಳಿತ ರೋಗಿಗೆ ಆಗುವ ಹಾನಿ ದೂರಸಂಪರ್ಕವೇ ಇಲ್ಲದಿದ್ದಾಗ ಆಗುವುದಕ್ಕಿಂತ ಹೆಚ್ಚಿನದಾಗಬಹುದು.

ಇನ್ನು ಆರೋಗ್ಯ ಶಿಕ್ಷಣ. ಏಕಮುಖ ಸಂದೇಶಗಳು ನಿರರ್ಥಕ ಎಂದು ನಾನು ಹೇಳಿದಂತೆ ತೋರಿದರೆ ಅದನ್ನು ತಿದ್ದಬೇಕು. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಟೆಕ್ಸ್ಟ್2ಸ್ಟಾಪ್ ಪ್ರಯೋಗದಲ್ಲಿ ಧೂಮಪಾನ ಬಿಡಲು ಸಿದ್ಧರಿದ್ದ ಸುಮಾರು 5,800 ಮಂದಿಗೆ ಮೊಬೈಲ್ ಸಂದೇಶಗಳು ಹೋದವು. ಆರು ತಿಂಗಳವರೆಗೂ ಬಿಟ್ಟೇ ಇದ್ದಾರೆಂದು ಜೈವಿಕ ಪರೀಕ್ಷೆಯಿಂದ ದೃಢಪಟ್ಟವರು ಸಂದೇಶ ಪಡೆದ ಗುಂಪಿನಲ್ಲಿ ಶೇ. 10.7, ಇನ್ನೊಂದರಲ್ಲಿ ಶೇ. 4.9. ಆ ಸಂದೇಶಗಳು ರೋಗಿ ಗೊತ್ತುಪಡಿಸಿದ ತ್ಯಜಿಸುವ ದಿನಕ್ಕೆ ಹೊಂದಿಕೊಂಡಿದ್ದವು, ಚಪಲ ತಡೆಯಲಾಗದಾಗ ಒಂದು ಪದ ಕಳುಹಿಸಿದರೆ ತಕ್ಷಣ ಮರುಸಂದೇಶ ಬರುತ್ತಿತ್ತು. 2015ರಲ್ಲಿ ಸಿಡ್ನಿಯ ಟೆಕ್ಸ್ಟ್ ಮಿ ಪ್ರಯೋಗದಲ್ಲಿ 710 ಹೃದ್ರೋಗಿಗಳಿಗೆ ಆರು ತಿಂಗಳು ವಾರಕ್ಕೆ ನಾಲ್ಕು ಸಂದೇಶಗಳನ್ನು, ಉತ್ತರ ನಿರೀಕ್ಷಿಸದೆ ಕಳುಹಿಸಿದಾಗಲೂ ಮೇಲಿನ ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಮೂರೂ ಕಡಿಮೆಯಾಗಿದ್ದವು. ಆದರೆ ಅದೇ ಮಾದರಿಯನ್ನು ವಿಸ್ತರಿಸಿ 1,424 ಮಂದಿಯ ಮೇಲೆ ಒಂದು ವರ್ಷ ನಡೆಸಿದ ಟೆಕ್ಸ್ಟ್‌ಮೆಡ್ಸ್ ಪ್ರಯೋಗದಲ್ಲಿ, ಮುಖ್ಯ ಗುರಿಯಾಗಿದ್ದ ಔಷಧ ಪಾಲನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಈ ಮೂರನ್ನೂ ಒಟ್ಟಿಗೆ ಓದಿದಾಗ ನನಗೆ ತೋರುವುದು ಇಷ್ಟು: ಹೃದಯಾಘಾತವಾದ ಮರುವಾರ, ಧೂಮಪಾನ ಬಿಡುವ ದಿನದಂಥ ತಿರುವಿನ ಘಳಿಗೆಯಲ್ಲಿ, ಆ ವ್ಯಕ್ತಿಗೆ ಹೊಂದುವ ಸಂದೇಶ ಕೆಲಸ ಮಾಡಬಹುದು, ಎಲ್ಲರಿಗೂ ಒಂದೇ ಸಮನೆ ವರ್ಷಪೂರ್ತಿ ಹರಿಸುವ ಸಂದೇಶ ಬೇಗ ಗಮನದಿಂದ ಜಾರುತ್ತದೆ. ನಿಮ್ಮ ಗುಂಪಿನ ವಿಡಿಯೋಗಳು ಬಹುಶಃ ಈ ಎರಡನೆಯ ಜಾತಿಯವು.

ಸಂದೇಶ ಬರೆಯುವ ಕೆಲಸ ತೋರುವಷ್ಟು ಸುಲಭವಲ್ಲ. ಉಪ್ಪು ಕಡಿಮೆ ಮಾಡಿ ಎಂಬ ವಾಕ್ಯ ಯಾರಿಗೂ ಹೊಸದಲ್ಲ. ಇಂದು ರಾತ್ರಿಯ ಮಾತ್ರೆ ತಪ್ಪಿದರೆ ನಾಳೆ ಎರಡು ನುಂಗಬೇಡಿ, ನಾಳೆಯದನ್ನು ನಾಳೆಯ ಹೊತ್ತಿಗೇ ತೆಗೆದುಕೊಳ್ಳಿ ಎಂಬ ವಾಕ್ಯ ಒಂದು ನಿಜವಾದ ಸಂದೇಹವನ್ನು ಬಗೆಹರಿಸುತ್ತದೆ. ಒಂದು ಸಂದೇಶಕ್ಕೆ ಒಂದೇ ಕ್ರಿಯೆ ಇರಲಿ. ತಾಂತ್ರಿಕವಾದ ಇನ್ನೊಂದು ಮಾತು: ಇಂಗ್ಲಿಷ್ ಅಕ್ಷರಗಳ ಎಸ್‌ಎಂಎಸ್‌ನಲ್ಲಿ 160 ಅಕ್ಷರಗಳು ಹಿಡಿಸಿದರೆ ಕನ್ನಡದಂಥ ಲಿಪಿಗಳಲ್ಲಿ 70 ಮಾತ್ರ. ಅದರಲ್ಲೂ ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆಗಳು ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ. ‘ಕ್ಷ’ ಎಂಬ ಒಂದಕ್ಷರಕ್ಕೆ ಮೂರು ಸ್ಥಾನ ಬೇಕು. ಉದ್ದವಾದ ಸಂದೇಶ ತುಂಡಾಗಿ ಹೋಗುತ್ತದೆ, ಖರ್ಚೂ ಅಷ್ಟೇ ಪಟ್ಟು ಏರುತ್ತದೆ. ಆ ಉಳಿತಾಯಕ್ಕಾಗಿ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದು ಕಳುಹಿಸುವ ಸಂಸ್ಥೆಗಳಿವೆ. ಔಷಧದ ಸೂಚನೆಯನ್ನು ಹಾಗೆ ಬರೆಯುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ತಪ್ಪಾಗಿ ಓದಿಕೊಳ್ಳುವ ಸಾಧ್ಯತೆ ಅಲ್ಲಿ ಹೆಚ್ಚು. ಓದಲು ಕಷ್ಟಪಡುವವರಿಗೆ ಒಂದು ನಿಮಿಷದೊಳಗಿನ ಧ್ವನಿಮುದ್ರಿಕೆಯೇ ಮೇಲು, ಅದೂ ಅವರಿಗೆ ಪರಿಚಿತವಾದ ನಿಮ್ಮದೇ ಧ್ವನಿಯಲ್ಲಿ.

ನೋಡಿದ್ದಾರೆ ಎಂಬ ನೀಲಿ ಗುರುತು ಪರದೆ ತೆರೆಯಿತೆಂಬುದಕ್ಕೆ ಮಾತ್ರ ಸಾಕ್ಷಿ. ಅರ್ಥವಾಯಿತೇ ಎಂದು ತಿಳಿಯಲು ಆರೋಗ್ಯ ಶಿಕ್ಷಣದಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿರುವ ವಿಧಾನವನ್ನೇ ಫೋನಿನಲ್ಲೂ ಬಳಸಿ: ಅರ್ಥವಾಯಿತೇ ಎಂದು ಕೇಳಬೇಡಿ, ಏಕೆಂದರೆ ಎಲ್ಲರೂ ಹೌದೆನ್ನುತ್ತಾರೆ, ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ತಿಳಿಯಬೇಕಾಗಿದೆ, ಈ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತೀರಿ ಎಂದು ನಿಮ್ಮ ಮಾತಿನಲ್ಲಿ ಹೇಳಿ ಎಂದು ಕೇಳಿ. ಮಾತ್ರೆಗಳನ್ನು ಕ್ಯಾಮೆರಾದ ಮುಂದೆ ತೋರಿಸಲು ಹೇಳಿದರೆ, ಒಂದೇ ಔಷಧವನ್ನು ಎರಡು ಕಂಪನಿಗಳ ಹೆಸರಿನಲ್ಲಿ ಎರಡೆರಡು ಬಾರಿ ನುಂಗುತ್ತಿರುವವರು ಸಿಕ್ಕೇ ಸಿಗುತ್ತಾರೆ. ಚಿಕಿತ್ಸಾಲಯಕ್ಕೆ ಬರುವಾಗ ಮನೆಯಲ್ಲೇ ಬಿಟ್ಟುಬರುವ ಔಷಧದ ಡಬ್ಬಿ ವಿಡಿಯೋ ಕರೆಯಲ್ಲಿ ಕೈಗೆಟುಕುವಷ್ಟು ಹತ್ತಿರದಲ್ಲಿರುತ್ತದೆ. ದೂರಸಮಾಲೋಚನೆ ನೇರ ಭೇಟಿಗಿಂತ ನಿಜಕ್ಕೂ ಮೇಲಾಗಿರುವ ಕೆಲವೇ ಸಂದರ್ಭಗಳಲ್ಲಿ ಇದೊಂದು.

ನಿಮ್ಮ ವಾಟ್ಸಾಪ್ ಗುಂಪಿನ ಬಗ್ಗೆ ನನಗೆ ಗಂಭೀರವಾದ ಆಕ್ಷೇಪವಿದೆ. ಮಧುಮೇಹಿಗಳ ಗುಂಪು ಎಂದ ಮಾತ್ರಕ್ಕೆ ಅದರಲ್ಲಿರುವ ಪ್ರತಿಯೊಬ್ಬರ ರೋಗವೂ ಅವರ ದೂರವಾಣಿ ಸಂಖ್ಯೆಯೂ ಉಳಿದವರಿಗೆಲ್ಲ ಗೊತ್ತಾದಂತೆ. ಒಪ್ಪಿಗೆ ಪಡೆದಿದ್ದರೂ, ಗುಂಪಿಗೆ ಸೇರಿಸುವ ಮೊದಲು ಇದನ್ನು ಬಿಡಿಸಿ ಹೇಳಿದ್ದೀರಾ ಎಂಬುದು ಮುಖ್ಯ. ಗುಂಪಿನ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿದರೆ ಸಂದೇಶ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ತಲುಪುತ್ತದೆ, ಉತ್ತರವೂ ನಿಮಗೊಬ್ಬರಿಗೇ ಬರುತ್ತದೆ; ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುವುದರಿಂದ ನೋಂದಣಿಯ ದಿನವೇ ಅದನ್ನು ಮಾಡಿಸಬೇಕು. ಗುಂಪಿನ ಇನ್ನೊಂದು ಪಿಡುಗು, ಮಧುಮೇಹವನ್ನು ಹತ್ತೇ ದಿನದಲ್ಲಿ ವಾಸಿಮಾಡುವ ಪುಡಿಯ ಸುದ್ದಿ ನಿಮ್ಮ ವಿಡಿಯೋದ ಕೆಳಗೇ ಬಂದು ಕೂರುವುದು. ಅದನ್ನು ಖಂಡಿಸುವಾಗ ಸುಳ್ಳನ್ನು ಮತ್ತೆ ದೊಡ್ಡದಾಗಿ ಬರೆಯಬೇಡಿ. ಸರಿಯಾದ ಸಂಗತಿಯಿಂದ ಆರಂಭಿಸಿ, ಆ ಮಾತು ಏಕೆ ತಪ್ಪೆಂದು ಒಮ್ಮೆ ಹೇಳಿ, ಮತ್ತೆ ಸರಿಯಾದ ಸಂಗತಿಗೇ ಮರಳಿ. ಔಷಧ ನಿಲ್ಲಿಸಿದವರಿದ್ದರೆ ಗುಂಪಿನಲ್ಲಿ ವಿಚಾರಿಸದೆ ಖಾಸಗಿಯಾಗಿ ಕರೆಮಾಡಿ.

ಫೋನು ಒಬ್ಬರದೇ ಆಗಿರುವುದಿಲ್ಲ ಎಂಬುದನ್ನೂ ಮರೆಯಬಾರದು. ಮನೆಮಂದಿಯೆಲ್ಲ ಬಳಸುವ ಫೋನಿನಲ್ಲಿ ಕ್ಷಯ, ಎಚ್‌ಐವಿ, ಗರ್ಭನಿರೋಧ, ಮಾನಸಿಕ ಅಸ್ವಸ್ಥತೆಯ ಹೆಸರು ಮಿನುಗಿದರೆ ಅದರ ಪರಿಣಾಮವನ್ನು ಅನುಭವಿಸುವವರು ರೋಗಿಗಳೇ ಹೊರತು ನಾವಲ್ಲ. ಆದ್ದರಿಂದ ಯಾರ ಫೋನು, ಯಾವ ಹೊತ್ತಿನಲ್ಲಿ ಕರೆಮಾಡಬಹುದು, ಬೇರೆಯವರು ಎತ್ತಿಕೊಂಡರೆ ಏನೆಂದು ಹೇಳಬೇಕು ಎಂಬ ಮೂರು ಪ್ರಶ್ನೆಗಳನ್ನು ನೋಂದಣಿ ಪತ್ರದಲ್ಲೇ ಸೇರಿಸಿ. ಮನೆಯಲ್ಲಿ ಹಿಂಸೆ ಅನುಭವಿಸುತ್ತಿರಬಹುದೆಂಬ ಸಂಶಯವಿದ್ದರೆ ಆ ವಿಷಯವನ್ನು ಪರದೆಯ ಮೂಲಕ ಎತ್ತಬೇಡಿ. ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ಕ್ಯಾಮೆರಾ ತೋರಿಸುವುದಿಲ್ಲ.

ಏನನ್ನು ದೂರದಿಂದ ಮಾಡಬಾರದು ಎಂಬ ಪ್ರಶ್ನೆಗೆ ಪಟ್ಟಿಗಿಂತ ಒಂದು ಒರೆಗಲ್ಲು ಹೆಚ್ಚು ಉಪಯುಕ್ತ: ಮುಂದಿನ ನಿರ್ಧಾರವು ಕೈಯಿಂದ ಮುಟ್ಟಿ ನೋಡುವುದನ್ನು, ಆಲಿಸುವುದನ್ನು ಅಥವಾ ರಕ್ತದ ಮಾದರಿಯನ್ನು ಅವಲಂಬಿಸಿದೆಯೇ? ಸ್ಥಿರವಾಗಿರುವ ರಕ್ತದೊತ್ತಡದ ಔಷಧ ಮುಂದುವರಿಸುವುದು, ಇನ್ಸುಲಿನ್ ಪ್ರಮಾಣವನ್ನು ಮನೆಯ ಸಕ್ಕರೆ ಅಂಕಿಗಳನ್ನು ನೋಡಿ ಹೊಂದಿಸುವುದು, ಪರೀಕ್ಷೆಯ ವರದಿ ವಿವರಿಸುವುದು, ಅಡ್ಡಪರಿಣಾಮ ವಿಚಾರಿಸುವುದು ದೂರದಿಂದ ಆಗುವ ಕೆಲಸಗಳು. ಹೊಸದಾಗಿ ಆರಂಭವಾದ ಹೊಟ್ಟೆನೋವು, ಎದೆಯುರಿಯೆಂದು ರೋಗಿಯೇ ಹೆಸರಿಟ್ಟ ಎದೆನೋವು, ಹಾಲು ಕುಡಿಯದ ಹಸುಗೂಸು, ಗರ್ಭಿಣಿಯ ರಕ್ತಸ್ರಾವ ಇವು ಅಲ್ಲ. ಮಧುಮೇಹಿಗಳಿಗೆ ಪಾದದ ಸ್ಪರ್ಶಸಂವೇದನೆಯ ಪರೀಕ್ಷೆ, ಅಕ್ಷಿಪಟಲದ ಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಲೇಬೇಕು. ವಿಡಿಯೋ ಭೇಟಿಗಳು ಸುಗಮವಾಗಿ ನಡೆಯುತ್ತಿರುವ ಚಿಕಿತ್ಸಾಲಯಗಳಲ್ಲೇ ಇವು ಸದ್ದಿಲ್ಲದೆ ತಪ್ಪಿಹೋಗುತ್ತವೆ. ಪಾದದ ಹುಣ್ಣಿನ ಚಿತ್ರ ತರಿಸಿಕೊಂಡು ಚಿಕಿತ್ಸೆ ನೀಡುವ ವಿಷಯದಲ್ಲಿ ನಾನು ಹೆಚ್ಚು ಎಚ್ಚರ ವಹಿಸುತ್ತೇನೆ. 2015ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗವೊಂದರಲ್ಲಿ 374 ರೋಗಿಗಳಲ್ಲಿ ದೂರನಿಗಾ ಗುಂಪಿನ ಹುಣ್ಣುಗಳೂ ಉಳಿದವರಷ್ಟೇ ಮಟ್ಟಿಗೆ ವಾಸಿಯಾದವು, ಅಂಗಚ್ಛೇದದ ಪ್ರಮಾಣದಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಆದರೆ ಸಾವುಗಳು ದೂರನಿಗಾ ಗುಂಪಿನಲ್ಲಿ ಎಂಟು, ಸಾಮಾನ್ಯ ಆರೈಕೆಯ ಗುಂಪಿನಲ್ಲಿ ಒಂದು. ಸಂಖ್ಯೆ ಚಿಕ್ಕದು, ಅದರ ಕಾರಣವೂ ಸ್ಪಷ್ಟವಾಗಲಿಲ್ಲ. ಹುಣ್ಣನ್ನು ಮಾತ್ರ ನೋಡುವಾಗ ಹುಣ್ಣಿರುವ ಮನುಷ್ಯ ಕಣ್ತಪ್ಪಿ ಹೋಗಬಹುದೆಂಬ ಅನುಮಾನ ಮಾತ್ರ ನನ್ನಲ್ಲಿ ಉಳಿದಿದೆ.

ವಿಡಿಯೋ ಕರೆಗಳ ಬಗ್ಗೆ ಪ್ರಾಯೋಗಿಕವಾಗಿ ಕೆಲವು ಮಾತು. ಸಂಪರ್ಕ ದುರ್ಬಲವಾದರೆ ಚಿತ್ರವನ್ನು ಬಿಟ್ಟು ಧ್ವನಿಯನ್ನು ಉಳಿಸಿಕೊಳ್ಳಿ. ಔಷಧದ ಹೆಸರು ತುಂಡುತುಂಡಾಗಿ ಕೇಳಿಸುವುದಕ್ಕಿಂತ ಮುಖ ಕಾಣದಿರುವುದು ಎಷ್ಟೋ ವಾಸಿ. ಕರೆಯ ಆರಂಭದಲ್ಲೇ ಎದುರಿರುವವರು ಯಾರೆಂದು ಖಚಿತಪಡಿಸಿಕೊಂಡು, ಅವರು ಈಗ ಎಲ್ಲಿದ್ದಾರೆ, ಕರೆ ಕಡಿದರೆ ಯಾವ ಸಂಖ್ಯೆಗೆ ಮಾಡಬೇಕು ಎಂದು ಬರೆದುಕೊಳ್ಳಿ. ನಡುವೆ ರೋಗಿ ಕುಸಿದರೆ ಆ್ಯಂಬುಲೆನ್ಸ್ ಕಳುಹಿಸಬೇಕಾದ ವಿಳಾಸ ನಿಮ್ಮ ಬಳಿ ಇರಬೇಕು. ನೇರ ಭೇಟಿಯಷ್ಟೇ ಪೂರ್ಣವಾದ ದಾಖಲೆ ಬರೆಯಿರಿ, ಪರೀಕ್ಷಿಸಲಾಗದ್ದು ಏನೆಂಬುದನ್ನೂ ಸೇರಿಸಿ.

ಕೆಲಸದ ಹೊರೆ ಇಳಿಯುತ್ತದೆಂಬ ಲೆಕ್ಕಾಚಾರದಲ್ಲಿ ನಿಮ್ಮ ಆಡಳಿತ ಇದನ್ನು ವಿಸ್ತರಿಸಲು ಹೊರಟಿದ್ದರೆ ಬ್ರಿಟನ್ನಿನ ಎಸ್ಟೀಮ್ ಪ್ರಯೋಗವನ್ನು ಅವರ ಗಮನಕ್ಕೆ ತನ್ನಿ. ಅದೇ ದಿನ ಭೇಟಿ ಕೇಳಿದ ಸುಮಾರು 21,000 ರೋಗಿಗಳ ಆ ಅಧ್ಯಯನದಲ್ಲಿ, ಮೊದಲು ವೈದ್ಯರು ಫೋನಿನಲ್ಲಿ ವಿಚಾರಿಸಿದಾಗ ಮುಂದಿನ 28 ದಿನಗಳ ಒಟ್ಟು ಸಂಪರ್ಕಗಳು ಶೇ. 33ರಷ್ಟು, ಶುಶ್ರೂಷಕರು ವಿಚಾರಿಸಿದಾಗ ಶೇ. 48ರಷ್ಟು ಹೆಚ್ಚಾದವು. ಕೆಲಸ ಕಡಿಮೆಯಾಗಲಿಲ್ಲ, ಬೇರೆಯವರ ಮೇಜಿಗೆ ಸರಿಯಿತು. ದೂರಸಂಪರ್ಕದ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ಪ್ರತ್ಯೇಕ ಗಂಟೆಗಳನ್ನು ಮೀಸಲಿಡದೆ ಇರುವ ಕೆಲಸದ ಮೇಲೆ ಹೇರಿದರೆ ಮೇಲೆ ಹೇಳಿದ ಉತ್ತರಿಸುವ ಹೊಣೆ ಎರಡು ತಿಂಗಳೂ ನಿಲ್ಲುವುದಿಲ್ಲ.

ರೋಗಿ ಮತ್ತು ವೈದ್ಯರ ನಡುವಿನ ಸಂಪರ್ಕದ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ. ವೈದ್ಯರ ನಡುವಿನ ಸಂಪರ್ಕ ಅಷ್ಟು ಆಕರ್ಷಕವಾಗಿ ಕಾಣದಿದ್ದರೂ ಸಣ್ಣ ಚಿಕಿತ್ಸಾಲಯಕ್ಕೆ ಅದರ ಲಾಭ ದೊಡ್ಡದು. ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ವೈದ್ಯ ಸಂಜೀವ್ ಅರೋರಾ 2003ರಲ್ಲಿ ಆರಂಭಿಸಿದ ಪ್ರಾಜೆಕ್ಟ್ ಎಕೋದಲ್ಲಿ ದೂರದೂರದ ಪ್ರಾಥಮಿಕ ವೈದ್ಯರು ವಾರಕ್ಕೊಮ್ಮೆ ವಿಡಿಯೋದಲ್ಲಿ ಸೇರಿ ತಮ್ಮ ಹೆಪಟೈಟಿಸ್ ಸಿ ರೋಗಿಗಳ ವಿವರವನ್ನು, ಹೆಸರು ಹೇಳದೆ, ತಜ್ಞರ ಮುಂದೆ ಇಡುತ್ತಿದ್ದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ವಾಸಿಯಾದವರು ಶೇ. 57.5, ಈ ಪ್ರಾಥಮಿಕ ವೈದ್ಯರ ಕೈಯಲ್ಲಿ ಶೇ. 58.2. ರೋಗಿ ಪ್ರಯಾಣ ಮಾಡಲಿಲ್ಲ, ತಜ್ಞರೂ ಪ್ರಯಾಣ ಮಾಡಲಿಲ್ಲ. ಹತ್ತಿರದ ವೈದ್ಯರ ಜ್ಞಾನ ಹೆಚ್ಚಿತು, ಅದು ಮುಂದಿನ ರೋಗಿಗೂ ಉಳಿಯಿತು. ನಿಯಂತ್ರಣಕ್ಕೆ ಬಾರದ ಐದಾರು ರೋಗಿಗಳ ವಿವರವನ್ನು ತಿಂಗಳಿಗೊಮ್ಮೆ ಒಬ್ಬ ತಜ್ಞರೊಂದಿಗೆ ಚರ್ಚಿಸುವ ಏರ್ಪಾಡಿಗೆ ಫೋನೂ ಒಂದು ಗಂಟೆಯೂ ಸಾಕು.

ಆ್ಯಪ್ ಬೇಕೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ, ಸದ್ಯಕ್ಕೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರ ಏಪ್ರಿಲ್‌ನಲ್ಲಿ ಹೊರತಂದ ಮಾರ್ಗಸೂಚಿಯು ಡಿಜಿಟಲ್ ವಿಧಾನಗಳನ್ನು ಇರುವ ಆರೋಗ್ಯ ವ್ಯವಸ್ಥೆಗೆ ಪೂರಕವಾಗಿ ಶಿಫಾರಸು ಮಾಡುತ್ತದೆಯೇ ಹೊರತು ಅದರ ಬದಲಿಗೆ ಅಲ್ಲ. ನಿಮ್ಮಲ್ಲಿ ಪೂರಕವಾಗಬೇಕಾದ ಕ್ರಮವೇ ಇನ್ನೂ ರೂಪುಗೊಂಡಿಲ್ಲ. ಮೊದಲು ನಲವತ್ತು-ಐವತ್ತು ರೋಗಿಗಳನ್ನು ಆಯ್ದು, ಒಂದು ದಾಖಲೆ ಪುಸ್ತಕ ಮತ್ತು ಒಂದು ಫೋನಿನಿಂದ ಮನೆಯ ಅಂಕಿ, ಉತ್ತರ, ಔಷಧ ಬದಲಾವಣೆಯ ಈ ಸುತ್ತನ್ನು ಆರು ತಿಂಗಳು ನಡೆಸಿ. ಎಷ್ಟು ಸಂದೇಶ ಹೋಯಿತೆಂದು ಲೆಕ್ಕ ಇಡಬೇಡಿ. ಎಷ್ಟು ಮಂದಿ ಅಂಕಿ ಕಳುಹಿಸಿದರು, ಹೆಚ್ಚಿದ್ದ ಅಂಕಿಗೆ ಎಷ್ಟು ದಿನದಲ್ಲಿ ಉತ್ತರ ಹೋಯಿತು, ಎಷ್ಟು ಬಾರಿ ಔಷಧ ಬದಲಾಯಿತು, ಗುರಿಯೊಳಗೆ ಬಂದವರೆಷ್ಟು ಎಂದು ಲೆಕ್ಕ ಇಡಿ. ಈ ಕ್ರಮ ಕೈಬರಹದಲ್ಲಿ ನಡೆಯದಿದ್ದರೆ ಆ್ಯಪ್‌ನಲ್ಲೂ ನಡೆಯದು. ನಡೆದು, ಬರೆಯುವ ಹೊರೆಯೇ ಅಡ್ಡಿಯೆಂದು ಕಂಡಾಗ, ಆ್ಯಪ್ ಯಾವ ಕೆಲಸ ಮಾಡಬೇಕೆಂದು ಮಾರುವವರಿಗೆ ನೀವೇ ಹೇಳಬಲ್ಲಿರಿ. ಆಗಲೂ ದತ್ತಾಂಶ ಎಲ್ಲಿರುತ್ತದೆ, ಯಾರು ನೋಡಬಹುದು, ಒಪ್ಪಂದ ಮುಗಿದ ದಿನ ಅದನ್ನು ನಿಮಗೆ ಬಳಸಬಲ್ಲ ರೂಪದಲ್ಲಿ ಮರಳಿಸುತ್ತಾರೆಯೇ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಪ್ರಶ್ನೆಗಳಿಗೆ ತಾನೇ ಉತ್ತರಿಸುವ ಚಾಟ್‌ಬಾಟ್ ಅದರಲ್ಲಿದ್ದರೆ ಅದು ಯಂತ್ರವೆಂದು ರೋಗಿಗೆ ಗೊತ್ತಾಗಬೇಕು, ಔಷಧದ ಪ್ರಮಾಣದ ಪ್ರಶ್ನೆಗಳು ಅದನ್ನು ದಾಟಿ ನಿಮ್ಮ ಬಳಿಗೇ ಬರಬೇಕು.

ಆ ದಾಖಲೆ ಪುಸ್ತಕದಲ್ಲಿ ಇನ್ನೊಂದು ಪುಟ ಬಿಟ್ಟಿರಿ: ಫೋನಿಲ್ಲದವರು, ಸಂಖ್ಯೆ ಬದಲಾದವರು, ಕಿವಿ ಕೇಳದವರು, ಎರಡು ಬಾರಿ ಉತ್ತರಿಸದೆ ಉಳಿದವರು. ಆರೈಕೆ ಹೆಚ್ಚು ಬೇಕಾದವರಿಗೇ ಅದು ಕಡಿಮೆ ಸಿಗುತ್ತದೆಂಬ ವಿಲೋಮ ನಿಯಮವನ್ನು ಬ್ರಿಟಿಷ್ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದರು. ಡಿಜಿಟಲ್ ಆರೈಕೆಯಲ್ಲಿ ಅದು ಇನ್ನಷ್ಟು ಬೇಗ ನಿಜವಾಗುತ್ತದೆ, ಏಕೆಂದರೆ ಸಂದೇಶ ತಲುಪದವರು ನಮ್ಮ ಅಂಕಿಅಂಶಗಳಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಫೋನಿನಿಂದ ಉಳಿಯುವ ನೇರ ಭೇಟಿಯ ಸಮಯವನ್ನು ಮೊದಲು ಈ ಪುಟದಲ್ಲಿರುವವರಿಗೆ ಕೊಡಿ, ಮತ್ತು ಆರು ತಿಂಗಳ ಕೊನೆಯಲ್ಲಿ ಗುರಿ ಮುಟ್ಟಿದವರ ಶೇಕಡಾವಾರು ತೆಗೆಯುವಾಗ ಇವರನ್ನೂ ಸೇರಿಸಿಯೇ ಭಾಗಿಸಿ.